ಬಹುಪದೋಕ್ತಿಯ ಶೂನ್ಯತೆ, ಅಪವರ್ತನ, ನಕ್ಷೆ: ಇವುಗಳ ನಂಟೇನು?

ಶೂನ್ಯತೆ, ಅಪವರ್ತನ, ನಕ್ಷೆ ಮೂರನ್ನೂ ಬೇರೆ ಬೇರೆ ಪಾಠಗಳಾಗಿ ಓದಿ ಗೊಂದಲವಾಗಿದೆ ಎಂದು ಕೇಳಿದ್ದೀರಿ. ಮೂರೂ ಒಂದೇ ಸಂಗತಿ. ಶೂನ್ಯತೆ ಎಂದರೆ ಚರಾಕ್ಷರಕ್ಕೆ ಹಾಕಿದಾಗ ಬಹುಪದೋಕ್ತಿಯನ್ನು 0 ಮಾಡುವ ಬೆಲೆ, ನಕ್ಷೆ ಅಕ್ಷವನ್ನು ಸೇರುವುದೂ ಅಲ್ಲೇ. ಒಂದೇ ಲೆಕ್ಕದಲ್ಲಿ ನೋಡೋಣ.

ಮೊದಲು ಗುರುತು ಹಿಡಿಯುವುದು. ಚರಾಕ್ಷರ ಕ್ಷ ಆಗಿರಲಿ. ಅದರ ಘಾತಗಳೆಲ್ಲ 0, 1, 2, 3 ಹೀಗೆ ಪೂರ್ಣ ಸಂಖ್ಯೆಗಳಾಗಿದ್ದರೆ ಮಾತ್ರ ಬಹುಪದೋಕ್ತಿ. √3·ಕ್ಷ ಆಗುತ್ತದೆ, ಸಹಗುಣಕ (ಚರಾಕ್ಷರವನ್ನು ಗುಣಿಸುವ ಸಂಖ್ಯೆ) ಎಂಥದ್ದಾದರೂ ಅಡ್ಡಿಯಿಲ್ಲ. √ಕ್ಷ ಆಗದು, 1/ಕ್ಷ ಕೂಡ ಆಗದು. ಡಿಗ್ರಿ ಎಂದರೆ ಅತಿ ದೊಡ್ಡ ಘಾತ, ಆದರೆ ಸರಳೀಕರಿಸಿದ ಮೇಲೆ ನೋಡಬೇಕು. ಬರೀ 7ರ ಡಿಗ್ರಿ 0.

ಈಗ ಇದನ್ನು ತೆಗೆದುಕೊಳ್ಳಿ:

ಪ(ಕ್ಷ) = ಕ್ಷ³ − 3ಕ್ಷ² + 4

ಸಹಗುಣಕಗಳೆಲ್ಲ ಪೂರ್ಣಾಂಕಗಳಾಗಿರುವುದರಿಂದ ಪೂರ್ಣಾಂಕ ಶೂನ್ಯತೆ ಏನಾದರೂ ಇದ್ದರೆ ಅದು 4ನ್ನು ಭಾಗಿಸಲೇಬೇಕು: ±1, ±2, ±4. ಬೇರೆ ಪೂರ್ಣಾಂಕಗಳನ್ನು ಹಾಕಿ ನೋಡುವುದು ದಂಡ. ಪ(2) = 8 − 12 + 4 = 0. ಅಂದರೆ (ಕ್ಷ − 2) ಅಪವರ್ತನ. ಚಿಹ್ನೆ ತಿರುಗುವುದನ್ನು ಗಮನಿಸಿ, (ಕ್ಷ + 2) ಅಲ್ಲ.

ಇನ್ನು ಸಂಶ್ಲೇಷಿತ ಭಾಗಾಕಾರ, ಅಂದರೆ ಸಹಗುಣಕಗಳನ್ನಷ್ಟೇ ಬರೆದು (ಕ್ಷ − 2)ರಿಂದ ಭಾಗಿಸುವ ಕ್ರಮ. ಬಹಳ ಮಂದಿ ಎಡವುವುದು ಇಲ್ಲೇ. ಕ್ಷ ಪದ ಕಾಣಿಸುತ್ತಿಲ್ಲ, ಆದರೆ ಅದರ ಜಾಗ ಖಾಲಿ ಬಿಡುವಂತಿಲ್ಲ. ಸಹಗುಣಕಗಳು 1, −3, 0, 4. ಮೊದಲ 1ನ್ನು ಹಾಗೇ ಇಳಿಸಿ. 2ರಿಂದ ಗುಣಿಸಿ ಮುಂದಿನದಕ್ಕೆ ಕೂಡಿಸಿದರೆ −1. ಮತ್ತೆ ಹಾಗೇ ಮಾಡಿದರೆ −2, ಕೊನೆಗೆ ಶೇಷ 0. ಆ 0 ಬರೆಯದೆ 1, −3, 4 ಎಂದಷ್ಟೇ ಹಿಡಿದಿದ್ದರೆ ಶೇಷ 2 ಬರುತ್ತಿತ್ತು, ಸರಿಯಾದ ಶೂನ್ಯತೆಯನ್ನೇ ನೀವು ತಪ್ಪೆಂದು ಬಿಟ್ಟುಬಿಡುತ್ತಿದ್ದಿರಿ. ಶೇಷ ಯಾವಾಗಲೂ ಪ(2)ಕ್ಕೆ ಸಮ, ಹಾಗಾಗಿ ಎರಡೂ ತಾಳೆಯಾಗದಿದ್ದರೆ ಭಾಗಾಕಾರವನ್ನೋ ಆದೇಶಿಸಿದ್ದನ್ನೋ ಮತ್ತೆ ನೋಡಿ.

ಭಾಗಲಬ್ಧ ಕ್ಷ² − ಕ್ಷ − 2 = (ಕ್ಷ − 2)(ಕ್ಷ + 1). ಹೀಗಾಗಿ

ಪ(ಕ್ಷ) = (ಕ್ಷ − 2)²(ಕ್ಷ + 1)

ನಕ್ಷೆ ಇದರಲ್ಲೇ ಅಡಗಿದೆ. −1ರಲ್ಲಿ ರೇಖೆ ಕ್ಷ-ಅಕ್ಷವನ್ನು ದಾಟುತ್ತದೆ. 2ರಲ್ಲಿ ದಾಟುವುದಿಲ್ಲ, ಮುಟ್ಟಿ ಮೇಲಕ್ಕೇ ಹಿಂದಿರುಗುತ್ತದೆ, ಏಕೆಂದರೆ ವರ್ಗವಾದ ಅಪವರ್ತನದ ಚಿಹ್ನೆ ಎರಡೂ ಬದಿ ಧನವೇ. ಬೇಕಿದ್ದರೆ ಪ(1) = 2, ಪ(3) = 4 ಎಂದು ಪರೀಕ್ಷಿಸಿ. ತುದಿಗಳನ್ನು ನಿರ್ಧರಿಸುವುದು ಕ್ಷ³ ಒಂದೇ: ಎಡಕ್ಕೆ ಕೆಳಗೆ, ಬಲಕ್ಕೆ ಮೇಲೆ. ಮೊದಲ ಸಹಗುಣಕ ಋಣವಾಗಿದ್ದರೆ ಇದು ತಿರುಗುಮುರುಗು. ಡಿಗ್ರಿ ಸಮಸಂಖ್ಯೆಯಾದರೆ ಎರಡೂ ತುದಿ ಒಂದೇ ಕಡೆಗೆ.

ಡಿಗ್ರಿ 3 ಎಂದ ಮಾತ್ರಕ್ಕೆ ಮೂರು ಬೇರೆ ಬೇರೆ ವಾಸ್ತವ ಶೂನ್ಯತೆಗಳನ್ನು ಹುಡುಕಬೇಡಿ. 3 ಎಂಬುದು ಗರಿಷ್ಠ ಮಿತಿ, ಅಷ್ಟೇ. ಇಲ್ಲಿ ಎರಡೇ ಇವೆ. ಕ್ಷ² + 1ಕ್ಕೆ ಒಂದೂ ಇಲ್ಲ. ಆದರೆ ಸಹಗುಣಕಗಳು ವಾಸ್ತವವಾಗಿದ್ದು ಡಿಗ್ರಿ ಬೆಸವಾದರೆ ಒಂದಾದರೂ ಸಿಕ್ಕೇ ಸಿಗುತ್ತದೆ: ಒಂದು ತುದಿ ಅಕ್ಷದ ಕೆಳಗೆ, ಇನ್ನೊಂದು ಮೇಲೆ ಇರುವ ಅಖಂಡ ರೇಖೆ ನಡುವೆ ಎಲ್ಲಾದರೂ ಅಕ್ಷವನ್ನು ದಾಟಲೇಬೇಕು.