ಒಮ್ಮೆ ಕಲಿತ ಮೇಸ್ತ್ರಿ ಮತ್ತೆ ಯಾಕೆ ಕಲಿಯಬೇಕು?

ಮನೆ ಕಟ್ಟುವ ಕಾಲ ಹತ್ತಿರ ಬಂದಂತೆ ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಸಿಮೆಂಟ್ ಬೆರೆಸಿ, ಯಂತ್ರದ ಅಚ್ಚಿನಲ್ಲಿ ಒತ್ತಿ, ಸುಡದೆಯೇ ಬಳಸುವ ಮಣ್ಣಿನ ಬ್ಲಾಕ್ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ. ಅದು ಗೊತ್ತಿದ್ದವರಿಗೇ ಈ ಉತ್ತರ.

ಪ್ರಶ್ನೆ: ನಮ್ಮ ಮೇಸ್ತ್ರಿಗೆ 25 ವರ್ಷದ ಅನುಭವವಿದೆ. ಮಣ್ಣಿನ ಬ್ಲಾಕಿನ ಶಿಬಿರಕ್ಕೂ ಹಿಂದೊಮ್ಮೆ ಹೋಗಿಬಂದಿದ್ದಾರೆ. ಮತ್ತೆ ತರಬೇತಿ ಅಂತ ದುಡ್ಡು ಯಾಕೆ ಸುರಿಯಬೇಕು? (ಚಿಂತಾಮಣಿ)

ಈ ಪ್ರಶ್ನೆ ಬೇರೆ ಬೇರೆ ಊರಿನ ಹೆಸರಿನಲ್ಲಿ ಬರುತ್ತಲೇ ಇರುತ್ತದೆ. ಅನುಭವ ದೊಡ್ಡದೇ, ಆದರೆ ಅವರು ಕಲಿತ ಸಾಮಾನು ಈಗ ಹೆಚ್ಚಾಗಿ ಬಳಕೆಯಲ್ಲಿಲ್ಲ. ಆಗ ಹೆಚ್ಚಾಗಿ ಬರುತ್ತಿದ್ದದ್ದು ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್, ಕಾಂಕ್ರೀಟಿಗೆ ಏಳು ದಿನ ನೀರು ಹಾಯಿಸಿದರೆ ಮುಗಿಯಿತು. ಈಗ ಮನೆಗೆ ಬರುವ ಮೂಟೆಗಳಲ್ಲಿ ಹೆಚ್ಚಿನವು ಹಾರುಬೂದಿ ಅಥವಾ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿದ್ದು. ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ ಇವಕ್ಕೆ ಕನಿಷ್ಠ 10 ದಿನ, ನಮ್ಮಂಥ ಒಣ ಬಿಸಿಲಲ್ಲಿ 14 ದಿನ ನೀರು ಬೇಕು. ಏಳನೆಯ ದಿನ ಪೈಪು ಸುತ್ತಿಟ್ಟು ಹೊರಡುವವರನ್ನು ಈಗಲೂ ನೋಡಬಹುದು. ಹೊಳೆ ಮರಳು ಹೋಗಿ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸುವ ಮರಳು, ಬಂತು. ಮಣ್ಣಿನ ಬ್ಲಾಕಿನ ಮಾನದಂಡವಾದ ಐಎಸ್ 1725 ಕೂಡ 1982ರ ರೂಪದಲ್ಲಿ ಉಳಿದಿಲ್ಲ, 2013ರಲ್ಲಿ ಪರಿಷ್ಕರಣೆಯಾಗಿದೆ.

ಎಲ್ಲಕ್ಕಿಂತ ಮುಖ್ಯ ಮಣ್ಣು. ಹಿಂದಿನ ಊರಿನಲ್ಲಿ ಹೊಂದಿದ ಪಾಕ ನಿಮ್ಮ ಸೈಟಿಗೆ ಹೊಂದುವುದಿಲ್ಲ. ಒಂದೇ ಸೈಟಿನಲ್ಲೂ ಪಾಯದ ಕೆಮ್ಮಣ್ಣು ಬೇರೆ, ನೀರಿನ ಸಂಪ್‌ಗಾಗಿ ಎಂಟಡಿ ತೋಡಿದಾಗ ಬರುವ ಗರಸು ಬೇರೆ. ಕೆಮ್ಮಣ್ಣಿನಲ್ಲಿ ಜೇಡಿ ಜಾಸ್ತಿಯಾದರೆ ಬ್ಲಾಕ್ ಒಣಗುವಾಗ ಬಿರಿಯುತ್ತದೆ. ಗರಸಿನಲ್ಲಿ ಜೇಡಿ ಸಾಲದೆ ಅಚ್ಚಿನಿಂದ ಎತ್ತುವಾಗಲೇ ಮೂಲೆ ಉದುರುತ್ತದೆ. ಸಿಮೆಂಟಿನ ಬ್ಲಾಕಿಗೆ ಜೇಡಿ 10ರಿಂದ 15ರಷ್ಟು ಶೇಕಡಾ ಇದ್ದರೆ ಸಾಕು. 30 ಇದ್ದರೆ ಸಮಪಾಲು ಎಂ-ಸ್ಯಾಂಡ್ ಬೆರೆಸಿ ಇಳಿಸಬೇಕು. ಜರಡಿ ಹಿಡಿಯದ ಕ್ರಷರ್ ಪುಡಿಯಲ್ಲಿ ಧೂಳೇ ತುಂಬಿರುತ್ತದೆ, ಮರಳೆಂದು ಲೆಕ್ಕ ಹಿಡಿಯಬೇಡಿ.

ಹಾಗಾಗಿ ತರಬೇತಿ ಎಂದರೆ ಎರಡು ದಿನದ ಶಿಬಿರ ಮತ್ತು ಒಂದು ಪ್ರಮಾಣಪತ್ರ ಅಲ್ಲ. ಪ್ರತಿ ಮನೆಗೂ, ಬ್ಲಾಕ್ ಒತ್ತುವ ಮೊದಲು, ಆ ಸೈಟಿನ ಮಣ್ಣನ್ನೇ ಹಿಡಿದು ಕಲಿಸಬೇಕು. ಮೇಲಿನ ಒಂದೂವರೆ ಅಡಿ ಬೇರು-ಗೊಬ್ಬರದ ಮಣ್ಣು ತೆಗೆದುಹಾಕಿ. ಕೆಳಗಿನದನ್ನು 5 ಮಿ.ಮೀ. ಜರಡಿಯಲ್ಲಿ ಸೋಸಿ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ತುಂಬಿ, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು, ಗೆರೆ ಎಳೆಯಿರಿ. ಮರುದಿನ ಅದರ ಮೇಲೆ ಕೂತಿರುವುದು ಹೂಳು ಮತ್ತು ಜೇಡಿ. ಜೇಡಿ ನೀರಲ್ಲಿ ಉಬ್ಬಿರುತ್ತದೆ, ಕಂಡಷ್ಟೇ ಇದೆ ಎಂದುಕೊಳ್ಳಬೇಡಿ. ಅನುಮಾನವಿದ್ದರೆ ಲ್ಯಾಬಿಗೆ ಕಳಿಸಿ.

ಇನ್ನು ಲೆಕ್ಕ. 230×190×100 ಮಿ.ಮೀ. ಬ್ಲಾಕ್ ಒಣಗಿದಾಗ 8 ಕಿಲೋ ಹತ್ತಿರ ತೂಗಬೇಕು. ಶೇಕಡಾ 7 ಸಿಮೆಂಟಾದರೆ ಒಂದು ಮೂಟೆಗೆ 95 ಬ್ಲಾಕ್. ಮೂಟೆಗೆ 130 ತೆಗೆದೆ ಎಂದು ಯಾರಾದರೂ ಮೀಸೆ ತಿರುವಿದರೆ ಸಿಮೆಂಟು ಶೇಕಡಾ 5ಕ್ಕೆ ಇಳಿದಿದೆ, ಇಲ್ಲವೇ ಅಚ್ಚಿಗೆ ಮಣ್ಣು ಕಡಿಮೆ ಬಿದ್ದಿದೆ. ಅಚ್ಚಿಗೆ ಹಾಕುವ ಮಣ್ಣನ್ನು ಪ್ರತಿಸಲ ತೂಗಲೇಬೇಕು, ಬಾಂಡ್ಲಿ ಅಂದಾಜು ಬೇಡ. ನೀರಿನ ಹದ ನೋಡಲು ಉಂಡೆ ಕಟ್ಟಿ ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ: ನಾಲ್ಕೈದು ಹೋಳಾದರೆ ಸರಿ, ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ, ಪುಡಿಯಾದರೆ ಕಡಿಮೆ. ನೀರು ಬಿದ್ದ ಮಿಶ್ರಣ ಅರ್ಧ ಗಂಟೆಯಲ್ಲಿ ಖಾಲಿಯಾಗಬೇಕು. ಕೈಯಂತ್ರದಲ್ಲಿ ಒತ್ತುವಾಗ ಇಡೀ ಮೂಟೆ ಒಟ್ಟಿಗೆ ಕಲಸಿದರೆ ಕೊನೆಯ ಬ್ಲಾಕುಗಳಲ್ಲಿ ಸಿಮೆಂಟ್ ಆಗಲೇ ಕಚ್ಚಿಕೊಂಡಿರುತ್ತದೆ, ಮತ್ತೆ ನೀರು ಚಿಮುಕಿಸಿದರೂ ಪ್ರಯೋಜನವಿಲ್ಲ. ಬ್ಲಾಕುಗಳನ್ನು ನೆರಳಲ್ಲಿ ಒಟ್ಟಿ, ಗೋಣಿ ಇಲ್ಲವೇ ಹುಲ್ಲು ಹೊದಿಸಿ, 21 ದಿನ ಹಸಿಯಾಗಿಡಿ.

ಕಟ್ಟುವಾಗ ಗಾರೆ ಕೂಡ ಬೇರೆ. 1:4 ಸಿಮೆಂಟ್ ಗಾರೆ ಬ್ಲಾಕಿಗಿಂತ ಗಟ್ಟಿಯಾಗಿ, ಬಿರುಕು ಸಂದಿನಲ್ಲಿ ನಿಲ್ಲದೆ ಬ್ಲಾಕನ್ನೇ ಸೀಳುತ್ತದೆ. 1 ಸಿಮೆಂಟ್, 2 ಮಣ್ಣು, 6 ಮರಳಿನ ಗಾರೆ ಸಾಕು. ಹಳೆಯ ಮೇಸ್ತ್ರಿಗಳು ಹೆಚ್ಚು ಜಗಳ ತೆಗೆಯುವುದು ಇಲ್ಲೇ.

ಇದ್ಯಾವುದೂ ಹೊಸ ಶೋಧವಲ್ಲ. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಭಾರತೀಯ ವಿಜ್ಞಾನ ಸಂಸ್ಥೆ ತೆರೆದ, ಇಂಥ ಬ್ಲಾಕುಗಳ ಮೇಲೂ ಕೆಲಸ ಮಾಡಿದ ‘ಅಸ್ತ್ರ’ ವಿಭಾಗ 1974ರಲ್ಲೇ ಶುರುವಾಯಿತು, ಅದರ ವಿಸ್ತರಣಾ ಕೇಂದ್ರ ಇದ್ದದ್ದು ತುಮಕೂರು ಜಿಲ್ಲೆಯ ಉಂಗ್ರದಲ್ಲಿ. ನಮ್ಮ ಪಕ್ಕದಲ್ಲೇ ಇದ್ದ ವಿದ್ಯೆಯನ್ನು ಬಿಟ್ಟು ಮೊಬೈಲ್ ವಿಡಿಯೋ ನೋಡಿ ಗೋಡೆ ಕಟ್ಟುತ್ತೇವೆ.

ಪ್ರಶ್ನೆ: ಬೆಲ್ಲ, ಮೊಟ್ಟೆ, ಅಳಲೆಕಾಯಿ ನೀರು ಹಾಕಿದರೆ ಸಿಮೆಂಟ್ ಬೇಡವಂತೆ, ಹೌದೇ? (ಮಧುಗಿರಿ)

ಅದು ಸುಣ್ಣದ ಗಾರೆಯ ವಿದ್ಯೆ. ಸಿಮೆಂಟಿಗೆ ಬೆಲ್ಲ ಬಿದ್ದರೆ ಗಟ್ಟಿಯಾಗುವುದೇ ತಡವಾಗುತ್ತದೆ. ಲೀಟರ್ ಲೆಕ್ಕದಲ್ಲಿ ‘ಮಣ್ಣು ಕಲ್ಲಾಗಿಸುವ’ ದ್ರಾವಣ ಮಾರಲು ಬರುವವರಿಗೆ, ಅದರಲ್ಲಿ ಮಾಡಿದ ಬ್ಲಾಕನ್ನು 48 ಗಂಟೆ ನೀರಲ್ಲಿ ಮುಳುಗಿಸಿಟ್ಟು ಒಡೆದು ತೋರಿಸಲು ಹೇಳಿ. ಮತ್ತೆ ಬಂದರೆ ತಿಳಿಸಿ.

ಪ್ರಶ್ನೆ: ಕೆರೆ ಹೂಳು ಪುಕ್ಕಟೆ ಸಿಗುತ್ತದೆ, ಬ್ಲಾಕ್ ಮಾಡಬಹುದೇ? (ಮಾಲೂರು)

ಬೇಡ. ಸುಡುವ ಇಟ್ಟಿಗೆಗೆ ಆದೀತು, ಒತ್ತುವ ಬ್ಲಾಕಿಗೆ ಆಗದು. ಹೊಲಕ್ಕೆ ಹಾಕಿ.

ಪ್ರಶ್ನೆ: ಕಲಿತ ತಂಡ ಕೂಲಿ ಜಾಸ್ತಿ ಕೇಳುತ್ತದೆ. ಬ್ಲಾಕಿಗಿಷ್ಟು ಅಂತ ಗುತ್ತಿಗೆ ಕೊಡಲೇ? (ಬಂಗಾರಪೇಟೆ)

ಕೊಡಬೇಡಿ. ಲೆಕ್ಕಕ್ಕೆ ಕೂಲಿ ಎಂದ ತಕ್ಷಣ ತೂಕದ ತಕ್ಕಡಿ ಮೂಲೆ ಸೇರುತ್ತದೆ. ದಿನಗೂಲಿ ಕೊಡಿ, ಸಂಜೆ ಹತ್ತು ಬ್ಲಾಕ್ ಆರಿಸಿ ನೀವೇ ತೂಗಿ. ಹಸಿ ಬ್ಲಾಕ್ ಎಂಟೂವರೆ ಕಿಲೋಗಿಂತ ಕಡಿಮೆ ಬಂದರೆ ಅಂದೇ ಪುಡಿ ಮಾಡಿಸಿ, ಮರುದಿನದ ಮಿಶ್ರಣಕ್ಕೆ ಸೇರಿಸಲು ಬಿಡಬೇಡಿ.