ಯಜಮಾನರಿಗೆ ಎಸ್‌ಎಸ್‌ಎನ್ ಇಲ್ಲ, ಯಾವ ಟ್ಯಾಕ್ಸ್ ಸಾಫ್ಟ್‌ವೇರ್ ತಗೊಳ್ಳೋದು?

ಮೇಡಂ, ನಿಮ್ಮ ಪ್ರಶ್ನೆ ನೋಡಿದೆ. ನಿಮಗೂ ಮಗಳಿಗೂ ಅಮೆರಿಕದ ಪಾಸ್‌ಪೋರ್ಟ್ ಇದೆ. ಯಜಮಾನರು ಭಾರತದ ಪ್ರಜೆ, ಅವರಿಗೆ ಗ್ರೀನ್ ಕಾರ್ಡೂ ಇಲ್ಲ, ಎಸ್‌ಎಸ್‌ಎನ್ನೂ (ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ನಂಬರ್) ಇಲ್ಲ. ಈಗ ಮೈಸೂರಲ್ಲಿ ಮನೆ, ನಿಮಗೆ ಬೆಂಗಳೂರಿನ ಕಂಪನಿಯಲ್ಲಿ ಕೆಲಸ. 2025ರ ಅಮೆರಿಕದ ರಿಟರ್ನ್‌ಗೆ ಅಗ್ಗದ ಸಾಫ್ಟ್‌ವೇರ್ ಸಾಕಾ ಅಂತ ಕೇಳಿದ್ದೀರಿ. ಮೇಲೆ ಉತ್ತರ ಕೊಟ್ಟವರೆಲ್ಲ ತಮಗೆ ಸರಿಹೋದ ಬ್ರ್ಯಾಂಡ್ ಹೇಳಿದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಎಸ್‌ಎಸ್‌ಎನ್ ಇದೆ. ನಿಮ್ಮ ಕಥೆ ಬೇರೆ.

ಸಾಫ್ಟ್‌ವೇರ್ ಆಮೇಲೆ ನೋಡೋಣ. ಮೊದಲು ಫೈಲಿಂಗ್ ಸ್ಟೇಟಸ್, ಅಂದರೆ ಯಾವ ವರ್ಗದಲ್ಲಿ ರಿಟರ್ನ್ ಹಾಕೋದು ಅಂತ ತೀರ್ಮಾನ ಆಗಬೇಕು. ಯಜಮಾನರು ಅಮೆರಿಕದ ತೆರಿಗೆಗೆ ಸಂಬಂಧಪಡದವರು ಅಂತ ನೀವು 'ಸಿಂಗಲ್' ಹಾಕೋ ಹಾಗಿಲ್ಲ. ಮದುವೆ ಆಗಿದೆ ಅಂದರೆ ಆಗಿದೆ. ಸಾಮಾನ್ಯವಾಗಿ ಬರೋದು ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ, ಅಂದರೆ ಮದುವೆ ಆಗಿದ್ದೂ ಬೇರೆಯಾಗಿ ಹಾಕೋದು. ಇದರಲ್ಲಿ ರಿಟರ್ನ್ ಹಾಕಲೇಬೇಕಾದ ಆದಾಯದ ಮಿತಿ ಬರೀ 5 ಡಾಲರ್! ಹಾಗಾಗಿ 'ನನ್ನ ಸಂಬಳ ಕಡಿಮೆ, ಹಾಕೋದು ಬೇಡ' ಅನ್ನೋ ಮಾತೇ ಇಲ್ಲ.

ಆದರೆ ನಿಮಗೆ ಇನ್ನೊಂದು ದಾರಿ ಇರಬಹುದು. ಗಂಡ ಅಮೆರಿಕದ ಲೆಕ್ಕದಲ್ಲಿ ನಾನ್ ರೆಸಿಡೆಂಟ್ ಏಲಿಯನ್ (ಎನ್‌ಆರ್‌ಎ, ಅಂದರೆ ಅಲ್ಲಿನ ನಿವಾಸಿಯಲ್ಲದ ವಿದೇಶಿ) ಆಗಿದ್ದು, ಮಗಳು ನಿಮ್ಮ ಜೊತೆಗೇ ಇದ್ದು, ಮನೆ ಖರ್ಚಿನ ಅರ್ಧಕ್ಕಿಂತ ಜಾಸ್ತಿ ನೀವೇ ಕೊಡುತ್ತಿದ್ದರೆ ಹೆಡ್ ಆಫ್ ಹೌಸ್‌ಹೋಲ್ಡ್ (ಮನೆ ನಡೆಸುವವರು ಅನ್ನೋ ವರ್ಗ) ಹಾಕಬಹುದು. 2025ಕ್ಕೆ ಸೆಪರೇಟ್ಲಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮೊದಲೇ ಆದಾಯದಿಂದ ಕಳೆಯುವ ಮೊತ್ತ) 15,750 ಡಾಲರ್, ಹೆಡ್ ಆಫ್ ಹೌಸ್‌ಹೋಲ್ಡ್‌ನಲ್ಲಿ 23,625. ಮನೆ ಖರ್ಚು ಯಜಮಾನರದ್ದೇ ಜಾಸ್ತಿ ಅಂದರೆ ಇದನ್ನು ಮರೆತುಬಿಡಿ.

ಜಾಯಿಂಟ್ ಆಗಿ, ಅಂದರೆ ಇಬ್ಬರೂ ಸೇರಿ ಒಂದೇ ರಿಟರ್ನ್ ಹಾಕಿ ಅಂತ ಯಾರೋ ಬರೆದಿದ್ದಾರೆ. ಹಾಕಬಹುದು, ಯಜಮಾನರನ್ನು ರೆಸಿಡೆಂಟ್ ಅಂತ ಪರಿಗಣಿಸಿ ಅಂತ ಇಬ್ಬರೂ ಸಹಿ ಹಾಕಿದ ಹೇಳಿಕೆ ಲಗತ್ತಿಸಬೇಕು. ಆಗ ಅವರ ಸಂಬಳ, ಬಾಡಿಗೆ, ಎಫ್‌ಡಿ ಬಡ್ಡಿ, ಮ್ಯೂಚುವಲ್ ಫಂಡ್ ಎಲ್ಲವೂ ಅಮೆರಿಕದ ಲೆಕ್ಕಕ್ಕೆ ಬರುತ್ತದೆ. ಅವರಿಗೆ ಐಟಿಐಎನ್ (ಎಸ್‌ಎಸ್‌ಎನ್ ಸಿಗದವರಿಗೆ ಕೊಡುವ ತೆರಿಗೆ ನಂಬರ್) ಬೇಕು. ಅದಕ್ಕೆ ಫಾರ್ಮ್ ಡಬ್ಲ್ಯೂ-7 ಜೊತೆ ಮೊದಲ ವರ್ಷದ ರಿಟರ್ನ್ ಕಾಗದದಲ್ಲೇ ಹೋಗಬೇಕು. ಒಮ್ಮೆ ಈ ಆಯ್ಕೆ ಮಾಡಿ ಆಮೇಲೆ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ. ಯಜಮಾನರಿಗೆ ಒಳ್ಳೆಯ ಆದಾಯ ಇದ್ದರೆ ಈ ಉಸಾಬರಿ ಬೇಡ ಅನ್ನೋದು ನನ್ನ ಅಭಿಪ್ರಾಯ.

ಈಗ ಸಾಫ್ಟ್‌ವೇರ್. ಹೆಚ್ಚಿನ ಆನ್‌ಲೈನ್ ಸಾಫ್ಟ್‌ವೇರ್‌ಗಳು ದುಡ್ಡು ಕೇಳೋದು ಕೊನೆಯಲ್ಲಿ, ಫೈಲ್ ಮಾಡುವಾಗ. ಈ ಅನುಕೂಲ ಬಳಸಿಕೊಳ್ಳಿ. ಅಕೌಂಟ್ ತೆರೆದು ನೇರ ಸಂಗಾತಿಯ ಪುಟಕ್ಕೆ ಹೋಗಿ. ಹೆಸರು ತುಂಬಿ, ಎಸ್‌ಎಸ್‌ಎನ್ ಖಾನೆ ಖಾಲಿ ಬಿಟ್ಟು 'ಮುಂದೆ' ಒತ್ತಿ. ಅಲ್ಲೇ ಕೆಂಪಕ್ಷರ ಬಂದು ಒಂಬತ್ತು ಅಂಕೆ ಹಾಕಲೇಬೇಕು ಅಂತ ಹಠ ಹಿಡಿದರೆ ಆ ಸಾಫ್ಟ್‌ವೇರ್ ನಿಮಗಲ್ಲ. ಸೆಪರೇಟ್ಲಿ ಹಾಕುವಾಗ, ನಂಬರ್ ಇಲ್ಲದ, ಅದರ ಅಗತ್ಯವೂ ಇಲ್ಲದ ಸಂಗಾತಿಯ ಖಾನೆಯಲ್ಲಿ 'ಎನ್‌ಆರ್‌ಎ' ಅಂತ ಬರೆಯಿರಿ ಅನ್ನುವುದು ಮುಖ್ಯ ರಿಟರ್ನ್ ಆದ ಫಾರ್ಮ್ 1040ರ ಸೂಚನೆಯಲ್ಲೇ ಇದೆ. ಅದಕ್ಕೆ ಒಂದು ಟಿಕ್ ಬಾಕ್ಸ್ ಇದೆಯಾ, ಅದನ್ನು ಒತ್ತಿದ ಮೇಲೂ ಇ-ಫೈಲ್ ಆಗುತ್ತದಾ ಅಂತ ಎರಡೂ ಕೇಳಿ. ಕೆಲವದರಲ್ಲಿ ಟಿಕ್ ಬಾಕ್ಸ್ ಇರುತ್ತದೆ, ಆದರೆ ಕೊನೆಗೆ ಪ್ರಿಂಟ್ ತೆಗೆದು ಅಂಚೆಗೆ ಹಾಕಿ ಅನ್ನುತ್ತವೆ. ಖಾನೆ ತುಂಬಲಿ ಅಂತ ಸುಮ್ನೆ ಒಂಬತ್ತು 9 ಹೊಡೆಯೋದು, ಪ್ಯಾನ್ ನಂಬರ್ ತುರುಕೋದು ಮಾಡಬೇಡಿ. ಹೆಡ್ ಆಫ್ ಹೌಸ್‌ಹೋಲ್ಡ್ ಹಾಕೋದಾದರೆ ಇನ್ನೊಂದು ಪರೀಕ್ಷೆ: ಮದುವೆ ಆಗಿದೆ ಅಂತ ಒತ್ತಿದ ಮೇಲೂ ಆ ಆಯ್ಕೆ ಉಳಿಯುತ್ತದಾ ನೋಡಿ.

ಆಮೇಲೆ ವಿಳಾಸ. ಮೈಸೂರಿನ ಆರಂಕಿ ಪಿನ್ ಕೋಡ್ ತೆಗೆದುಕೊಳ್ಳುತ್ತದಾ? ಡಬ್ಲ್ಯೂ-2 (ಅಮೆರಿಕದ ಸಂಬಳ ಪತ್ರ) ಇಲ್ಲದ, ಇಐಎನ್ (ಕಂಪನಿಯ ಅಮೆರಿಕ ತೆರಿಗೆ ನಂಬರ್) ಇಲ್ಲದ ಭಾರತದ ಕಂಪನಿಯ ಸಂಬಳ ಹಾಕಲು ಜಾಗ ಇದೆಯಾ? ಒಟಿಪಿ ಭಾರತದ ಮೊಬೈಲ್‌ಗೆ ಬರುತ್ತದಾ? ಇಲ್ಲಿನ ಕಾರ್ಡ್‌ನಲ್ಲಿ ದುಡ್ಡು ಕಟ್ಟಬಹುದಾ? ಚಿಲ್ಲರೆ ವಿಷಯ ಅನ್ನಿಸುತ್ತದೆ, ಆದರೆ ಎಲ್ಲ ತುಂಬಿದ ಮೇಲೆ ಇಲ್ಲಿ ಸಿಕ್ಕಿಹಾಕಿಕೊಂಡರೆ ತಲೆ ಕೆಡುತ್ತದೆ.

ಫಾರ್ಮ್‌ಗಳಲ್ಲಿ ಮುಖ್ಯವಾದದ್ದು 1116, ಅಂದರೆ ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಅಮೆರಿಕದ ತೆರಿಗೆಯಲ್ಲಿ ಕಳೆಯುವುದು. ಸಂಬಳಕ್ಕೆ ಒಂದು, ಬ್ಯಾಂಕ್ ಬಡ್ಡಿಯಂಥದ್ದಕ್ಕೆ ಒಂದು, ಹೀಗೆ ಎರಡು 1116 ಬೇಕಾಗಬಹುದು. ಎರಡೂ ಮಾಡುತ್ತದಾ ನೋಡಿ. 'ಹೊರದೇಶದಲ್ಲಿದ್ದೀರಾ' ಅಂತ ಕೇಳಿದ ತಕ್ಷಣ ಸೀದಾ ಫಾರ್ಮ್ 2555ಗೆ ಕರೆದುಕೊಂಡು ಹೋಗುವ ಸಾಫ್ಟ್‌ವೇರ್ ಬಗ್ಗೆ ಹುಷಾರು. 2025ರಲ್ಲಿ 1,30,000 ಡಾಲರ್‌ವರೆಗಿನ ಹೊರದೇಶದ ದುಡಿಮೆಯನ್ನು ಅದು ತೆರಿಗೆಯಿಂದ ಹೊರಗಿಡುತ್ತದೆ, ನಿಜ. ಆದರೆ 2555 ಹಾಕಿದ ವರ್ಷ ಮಗಳ ಹೆಸರಲ್ಲಿ ಕೈಗೆ ವಾಪಸ್ ಬರಬಹುದಾದ ಅಡಿಷನಲ್ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಅದು 1,700 ಡಾಲರ್‌ವರೆಗೆ ಇರುತ್ತದೆ, ಮಗಳಿಗೆ ಇನ್ನೂ 17 ತುಂಬಿಲ್ಲ ಅಂದರೆ ಮಾತ್ರ. ಇಲ್ಲಿ ಒಳ್ಳೆಯ ಟಿಡಿಎಸ್ ಕಟ್ ಆಗುತ್ತಿರುವವರಿಗೆ 1116 ಒಂದರಲ್ಲೇ ಸಂಬಳದ ಮೇಲಿನ ತೆರಿಗೆ ಸೊನ್ನೆ ಆಗುವುದುಂಟು. 2555 ಶುರು ಮಾಡಿ ಆಮೇಲೆ ರದ್ದು ಮಾಡಿದರೆ, ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಒಪ್ಪಿಗೆ ಇಲ್ಲದೆ ಮುಂದಿನ ಐದು ವರ್ಷ ಮತ್ತೆ ಹಾಕೋ ಹಾಗಿಲ್ಲ. ಹಾಗಾಗಿ ಎರಡೂ ರೀತಿ ಲೆಕ್ಕ ಹಾಕಿ ತೋರಿಸುವ ಸಾಫ್ಟ್‌ವೇರ್ ಆರಿಸಿ.

ಅಂಕಿ ತುಂಬುವಾಗ ಫಾರ್ಮ್ 16ರ ಒಟ್ಟು ಮೊತ್ತ ಎತ್ತಿ ಹಾಕಬೇಡಿ. ಅದು ಏಪ್ರಿಲ್‌ನಿಂದ ಮಾರ್ಚ್. ಅಮೆರಿಕಕ್ಕೆ ಬೇಕಾದದ್ದು ಜನವರಿಯಿಂದ ಡಿಸೆಂಬರ್. ಹನ್ನೆರಡು ತಿಂಗಳ ಪೇ ಸ್ಲಿಪ್ ಮುಂದಿಟ್ಟುಕೊಂಡು ಸಂಬಳ, ಟಿಡಿಎಸ್ ಎರಡನ್ನೂ ಕೂಡಿಸಿ. ಪಿಪಿಎಫ್ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ ಅಂತ ಅಲ್ಲಿ ಬಿಡೋ ಹಾಗಿಲ್ಲ.

ಎಫ್‌ಬಿಎಆರ್ (ಅಮೆರಿಕದ ಹೊರಗಿನ ಖಾತೆಗಳ ವರದಿ) ರಿಟರ್ನ್ ಜೊತೆ ಹೋಗುವುದಿಲ್ಲ, ಅಮೆರಿಕ ಸರ್ಕಾರದ ಫಿನ್‌ಸೆನ್ ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕಬಹುದು. ಅದೊಂದಕ್ಕೋಸ್ಕರ ದುಬಾರಿ ಪ್ಯಾಕೇಜ್ ಬೇಡ. ಅಂಥ ಎಲ್ಲ ಖಾತೆ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಹಾಕಬೇಕು. ಯಜಮಾನರ ಜೊತೆಗಿನ ಜಂಟಿ ಖಾತೆಯ ಪೂರ್ತಿ ಮೊತ್ತ ತೋರಿಸಬೇಕು, ಅರ್ಧ ಅಲ್ಲ.

ನಿಮ್ಮ ಹೆಸರಲ್ಲಿ ಇಲ್ಲಿನ ಮ್ಯೂಚುವಲ್ ಫಂಡ್ ಇದೆಯಾ? ಇದ್ದರೆ ಹೊರದೇಶದ ಫಂಡ್‌ಗಳಿಗೆ ಹಾಕುವ ಫಾರ್ಮ್ 8621 ಬರಬಹುದು. ಟರ್ಬೊಟ್ಯಾಕ್ಸ್‌ನಂಥ ಮಾಮೂಲಿ ಸಾಫ್ಟ್‌ವೇರ್‌ಗಳಲ್ಲಿ ಅದು ಇರುವುದಿಲ್ಲ. ಆ ಲೆಕ್ಕ ಗೊತ್ತಿರುವ ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕರು) ಹತ್ತಿರ ಹೋಗೋದೇ ವಾಸಿ. ಫಂಡ್ ಇಲ್ಲ, ಬರೀ ಸಂಬಳ ಮತ್ತು ಎಫ್‌ಡಿ ಅಂದರೆ ಸಾಫ್ಟ್‌ವೇರ್ ಧಾರಾಳ ಸಾಕು. ಎಕ್ಸ್‌ಪ್ಯಾಟ್‌ಫೈಲ್, ಮೈಎಕ್ಸ್‌ಪ್ಯಾಟ್‌ಟ್ಯಾಕ್ಸಸ್ ಹೊರದೇಶದಲ್ಲಿರುವ ಅಮೆರಿಕನ್ನರಿಗೆಂದೇ ಮಾಡಿದವು. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಇವನ್ನೇ ಪರೀಕ್ಷೆ ಮಾಡುತ್ತಿದ್ದೆ.

ಗಡಿಬಿಡಿ ಬೇಡ. ಹೊರಗಿರುವವರಿಗೆ ಜೂನ್ 15ರವರೆಗೆ ತಾನಾಗೇ ಸಮಯ ಇದೆ, ತೆರಿಗೆ ಬಾಕಿ ಇದ್ದರೆ ಬಡ್ಡಿ ಮಾತ್ರ ಏಪ್ರಿಲ್ 15ರಿಂದಲೇ ಶುರು. ಸಂಗಾತಿ ಪುಟದಲ್ಲಿ ಏನಾದರೂ ತಕರಾರು ತೆಗೆದರೆ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ನೋಡೋಣ. ನಿಮ್ಮ, ಮಗಳ ಎಸ್‌ಎಸ್‌ಎನ್ ಮುಚ್ಚಿ ಹಾಕಿ, ಈ ಗುಂಪಲ್ಲಿ ಸಾವಿರಾರು ಜನ ಇದ್ದಾರೆ.