ಮಾಲ್ಡೀವ್ಸ್‌ನ ಸಣ್ಣ ದ್ವೀಪವೊಂದರಲ್ಲಿ ಶಿಕ್ಷಕನ ಕೆಲಸ ಸಿಕ್ಕಿದೆ. ಅಲ್ಲಿ ಬದುಕು ಹೇಗಿರುತ್ತದೆ? ರಜೆಗೆ ಗದಗಕ್ಕೆ ಬಂದುಹೋಗುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿರುವುದು ಇಷ್ಟು: ವಯಸ್ಸು 26, ಬಿ.ಇಡಿ ಆಗಿದೆ, ಗದಗ ಹತ್ತಿರದ ಹಳ್ಳಿ, ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಮೂರು ವರ್ಷ ದುಡಿದು ಸಾಲ ತೀರಿಸಬೇಕು, ವರ್ಷಕ್ಕೊಮ್ಮೆಯಾದರೂ ಅವ್ವನ ಮುಖ ನೋಡಬೇಕು. ಕೊನೆಯ ಮೂರೂ ಆಗುತ್ತವೆ. ಆದರೆ ಅಲ್ಲಿ ಊಟ, ಔಷಧ, ರಜೆ ಎಲ್ಲ ನಡೆಯುವುದು ದೋಣಿ ಯಾವಾಗ ಬರುತ್ತದೆ ಎನ್ನುವುದರ ಮೇಲೆ. ನಿಮ್ಮ ಲೆಕ್ಕವನ್ನೂ ಅಲ್ಲಿಂದಲೇ ಶುರುಮಾಡಿ.

ಮಾಲ್ಡೀವ್ಸ್‌ನಲ್ಲಿ ಸುಮಾರು 1,200 ಹವಳದ ದ್ವೀಪಗಳಿವೆ. ಜನವಸತಿ ಇರುವುದು 200ರ ಆಸುಪಾಸಿನಲ್ಲಿ ಮಾತ್ರ. ಫೋಟೋಗಳಲ್ಲಿ ಕಾಣುವ ನೀರಿನ ಮೇಲಿನ ಮನೆಗಳೆಲ್ಲ ರಿಸಾರ್ಟ್ ದ್ವೀಪಗಳವು. ಶಾಲೆ ಇರುವುದು ಊರಿರುವ ದ್ವೀಪದಲ್ಲಿ: ಒಂದು ಜೆಟ್ಟಿ, ಮಸೀದಿ, ಆರೋಗ್ಯ ಕೇಂದ್ರ, ನಾಲ್ಕಾರು ಅಂಗಡಿ. ಎಷ್ಟೋ ದ್ವೀಪಗಳನ್ನು ಈ ತುದಿಯಿಂದ ಆ ತುದಿಗೆ ಅರ್ಧ ತಾಸಿನಲ್ಲಿ ನಡೆದು ಮುಗಿಸಬಹುದು. ಆದ್ದರಿಂದ ಆಫರ್ ಲೆಟರ್‌ನಲ್ಲಿ ಬರೀ ‘ಮಾಲ್ಡೀವ್ಸ್’ ಎಂದಿದ್ದರೆ ಸಾಲದು. ಯಾವ ಅಟೋಲ್ (ದ್ವೀಪಗಳ ಗುಂಪು), ಯಾವ ದ್ವೀಪ ಎಂದು ಕೇಳಿ, ಮ್ಯಾಪಿನಲ್ಲಿ ಹತ್ತಿರದ ವಿಮಾನ ನಿಲ್ದಾಣ ಎಷ್ಟು ದೂರ ಇದೆ ನೋಡಿ. ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಭಾರತೀಯ ಶಿಕ್ಷಕರೊಬ್ಬರ ನಂಬರ್ ಕೊಡಿ ಎಂದು ಶಾಲೆಯವರನ್ನೇ ಕೇಳಿ. ಕೊಡದಿದ್ದರೆ ನಾನಾದರೆ ಸಹಿ ಹಾಕುವುದಿಲ್ಲ.

ಕಾಗದಪತ್ರದಲ್ಲಿ ಜನ ಎಡವುವುದು ಹೆಚ್ಚಾಗಿ ವೀಸಾದಲ್ಲಿ. ಪ್ರವಾಸಕ್ಕೆ ಹೋಗುವ ಭಾರತೀಯರಿಗೆ ಮುಂಗಡ ವೀಸಾ ಬೇಡ, ಇಳಿದಾಗಲೇ ಕೊಡುತ್ತಾರೆ. ಈ ಸೌಲಭ್ಯವನ್ನೇ ಹಿಡಿದು ‘ಮೊದಲು ಹೋಗಿ ಇಳಿ, ಆಮೇಲೆ ಪರ್ಮಿಟ್ ಮಾಡಿಸೋಣ’ ಎನ್ನುವ ಏಜೆಂಟರಿದ್ದಾರೆ. ಪ್ರವಾಸಿ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ಗಡೀಪಾರಾಗುವವರು ನೀವು, ಏಜೆಂಟ್ ಅಲ್ಲ. ಉದ್ಯೋಗದಾತರು ನಿಮ್ಮ ಪಾಸ್‌ಪೋರ್ಟ್ ನಂಬರಿಗೆ ತೆಗೆಸಿದ ಉದ್ಯೋಗ ಅನುಮತಿ ಪತ್ರ ಕೈಗೆ ಬಂದ ಮೇಲೆಯೇ ಟಿಕೆಟ್ ಮಾಡಿಸಿ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಪೊಲೀಸ್ ಕ್ಲಿಯರೆನ್ಸ್‌ಗೂ ಅರ್ಜಿ ಹಾಕಬಹುದು. ಕರ್ನಾಟಕ ವಿಶ್ವವಿದ್ಯಾಲಯದ ಡಿಗ್ರಿಯಾದರೆ ಘಟಿಕೋತ್ಸವದ ಮೂಲ ಪ್ರಮಾಣಪತ್ರವನ್ನು ಮೊದಲೇ ತೆಗೆದಿಟ್ಟುಕೊಳ್ಳಿ, ಬರೀ ಅಂಕಪಟ್ಟಿ ಇದ್ದರೆ ದೃಢೀಕರಣದ ಕೆಲಸ ಅಲ್ಲೇ ನಿಲ್ಲುತ್ತದೆ. ಏಜೆಂಟ್ ಮೂಲಕ ಹೋಗುವುದಾದರೆ ಆತನ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಿ. ಕಾನೂನಿನ ಪ್ರಕಾರ ಆತ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಒಪ್ಪಂದದಲ್ಲಿ ಸಂಬಳದ ಅಂಕಿಗಿಂತ ಮೊದಲು ಅದು ಯಾವ ಕರೆನ್ಸಿಯಲ್ಲಿದೆ ನೋಡಿ. ಅಲ್ಲಿನ ಹಣ ರುಫಿಯಾ. ಬ್ಯಾಂಕಿನ ಅಧಿಕೃತ ದರ ಬಹಳ ವರ್ಷಗಳಿಂದ ಒಂದು ಡಾಲರ್‌ಗೆ 15.42 ರುಫಿಯಾದಲ್ಲೇ ನಿಂತಿದೆ. ಆ ಲೆಕ್ಕದಲ್ಲಿ 10,000 ರುಫಿಯಾ ಎಂದರೆ ಸುಮಾರು 648 ಡಾಲರ್. ಆದರೆ ದೇಶದಲ್ಲಿ ಡಾಲರಿನ ಕೊರತೆ ಇದೆ. ಹಾಗಾಗಿ ಒಬ್ಬ ವಿದೇಶಿ ನೌಕರ ತಿಂಗಳಿಗೆ ಇಷ್ಟೇ ಡಾಲರ್ ಕಳಿಸಬಹುದು ಎಂದು ಬ್ಯಾಂಕುಗಳು ಮಿತಿ ಹಾಕುತ್ತವೆ, ಆ ಮಿತಿಯನ್ನು ಆಗಾಗ ಬದಲಿಸುತ್ತವೆ. ಉಳಿದದ್ದನ್ನು ಹೊರಗೆ ಡಾಲರ್ ಮಾಡಿಸಲು ಹೋದರೆ ರುಫಿಯಾ ಹೆಚ್ಚು ಕೊಡಬೇಕಾಗುತ್ತದೆ. ‘ತಿಂಗಳಿಗೆ ಇಷ್ಟು ಉಳಿಸಿ ಸಾಲ ತೀರಿಸುತ್ತೇನೆ’ ಎಂದು ಊರಲ್ಲಿ ಕೂತು ಹಾಕಿದ ಲೆಕ್ಕ ತಪ್ಪುವುದು ಇಲ್ಲಿಯೇ. ದುಡ್ಡು ಇರುತ್ತದೆ, ಊರಿಗೆ ತಲುಪುವುದಿಲ್ಲ. ಡಾಲರಿನಲ್ಲಿ ಸಂಬಳ ಕೊಡುತ್ತಾರಾ, ಕೊಡದಿದ್ದರೆ ಸದ್ಯ ಬ್ಯಾಂಕಿನ ಮಿತಿ ಎಷ್ಟು ಎಂದು ಅಲ್ಲಿನ ಶಿಕ್ಷಕರನ್ನು ಕೇಳಿ, ಆ ಅಂಕಿಯಿಂದ ಸಾಲದ ಕಂತು ನಿಗದಿ ಮಾಡಿ. ಹವಾಲಾ ಕಡೆ ಮಾತ್ರ ಹೋಗಬೇಡಿ. ಹಣ ಮುಳುಗಿದರೆ ದೂರು ಕೊಡಲೂ ಬಾಯಿ ಇರುವುದಿಲ್ಲ.

ಒಪ್ಪಂದದಲ್ಲಿ ಬರವಣಿಗೆಯಲ್ಲೇ ಇರಬೇಕಾದವು ಇನ್ನೂ ಕೆಲವಿವೆ: ಮನೆ ಅಥವಾ ಬಾಡಿಗೆ ಭತ್ಯೆ, ಆರೋಗ್ಯ ವಿಮೆ, ವರ್ಷಕ್ಕೊಮ್ಮೆ ಬಂದುಹೋಗುವ ಟಿಕೆಟ್. ಆ ಟಿಕೆಟ್ ರಾಜಧಾನಿ ಮಾಲೆಯಿಂದಲೋ ದ್ವೀಪದಿಂದಲೋ ಎಂಬುದೂ ಇರಲಿ. ದಕ್ಷಿಣದ ಅಟೋಲ್‌ಗಳಿಂದ ಮಾಲೆಗೆ ಬರುವ ಒಳನಾಡಿನ ವಿಮಾನದ ಖರ್ಚು ಸಣ್ಣದಲ್ಲ. ಅಲ್ಲಿನ 2008ರ ಉದ್ಯೋಗ ಕಾಯಿದೆ ಪ್ರಕಾರ ಒಂದು ವರ್ಷ ದುಡಿದವರಿಗೆ 30 ದಿನ ಸಂಬಳಸಹಿತ ರಜೆ. ಶಿಕ್ಷಕರಾದ ನಿಮಗೆ ಅದನ್ನು ಯಾವ ತಿಂಗಳಲ್ಲಿ ಕೊಡುತ್ತಾರೆ ಎಂಬುದೂ ಕಾಗದದಲ್ಲಿರಲಿ. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಬೇಕು. ಪರ್ಮಿಟ್ ಕೆಲಸಕ್ಕೆ ಕೊಟ್ಟರೆ ವಾಪಸ್ ಬರುವ ದಿನಾಂಕ ಬರೆಸಿಕೊಂಡು ಕೊಡಿ.

ಹೊರಡುವ ಮುನ್ನ ಬ್ಯಾಂಕಿನಲ್ಲಿ ಮಾತಾಡಿಟ್ಟು, ಹೋದ ಮೇಲೆ ಅನಿವಾಸಿಗಳ ಎನ್‌ಆರ್‌ಇ ಖಾತೆ ತೆರೆಯಿರಿ, ಈಗಿರುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂದು ಬದಲಿಸಿ. ವಿದೇಶದ ಸಂಬಳ ಎನ್‌ಆರ್‌ಇಗೆ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಹೊಲದ ಲಾವಣಿ, ಮನೆ ಬಾಡಿಗೆಯಂಥ ರೂಪಾಯಿ ಆದಾಯ ಎನ್‌ಆರ್‌ಒಗೆ. ಕೆಲಸಕ್ಕೆಂದು ದೇಶ ಬಿಡುವ ವರ್ಷದಲ್ಲಿ ಏಪ್ರಿಲ್ 1ರಿಂದ ಎಣಿಸಿ 182 ದಿನ ತುಂಬುವ ಮೊದಲೇ ಹೊರಟು, ಆ ಆರ್ಥಿಕ ವರ್ಷದಲ್ಲಿ ಇಲ್ಲಿ ಕಳೆದ ಒಟ್ಟು ದಿನಗಳೂ 182ರ ಒಳಗೇ ಉಳಿದರೆ, ಆದಾಯ ತೆರಿಗೆಗೆ ನೀವು ಅನಿವಾಸಿ. ಹೊರಡುವ ದಿನಾಂಕ ನಿಮ್ಮ ಕೈಯಲ್ಲಿದ್ದರೆ ಸೆಪ್ಟೆಂಬರ್ 28 ದಾಟಿಸಬೇಡಿ.

ಇನ್ನು ಊಟ. ಅಲ್ಲಿನವರ ಊಟ ಅನ್ನ, ಮೀನು, ತೆಂಗಿನಕಾಯಿ. ಬೆಳಗಿನ ನಾಷ್ಟಾ ಮಸ್‌ಹುನಿಯಲ್ಲೂ ಮೀನಿದೆ. ಹೋಟೆಲನ್ನು ನಂಬಿದರೆ ಸಸ್ಯಾಹಾರಿ ಉಪವಾಸವೇ ಬೀಳಬೇಕು, ಅಡುಗೆ ಕಲಿತೇ ಹೋಗಿ. ಅಕ್ಕಿ, ಗೋಧಿ ಹಿಟ್ಟು, ಬೇಳೆ, ಸಕ್ಕರೆ, ಉಳ್ಳಾಗಡ್ಡಿ, ಬಟಾಟಿ ಭಾರತದಿಂದಲೇ ಹೋಗುತ್ತವೆ, ಅಂಗಡಿಯಲ್ಲಿ ಸಿಗುತ್ತವೆ. ಕಷ್ಟ ಇರುವುದು ಹಸಿ ಕಾಯಿಪಲ್ಲೆಗೆ. ಸರಕಿನ ದೋಣಿ ಬಂದ ದಿನ ಟೊಮೆಟೊ, ಗಜ್ಜರಿ, ಕೋಸು ಇರುತ್ತವೆ, ಮರುದಿನ ಮುಗಿದಿರುತ್ತವೆ. ದೋಣಿಯ ವಾರ ತಿಳಿದುಕೊಂಡು ಜೆಟ್ಟಿಯಲ್ಲಿ ಸರಕು ಇಳಿಯುವ ಹೊತ್ತಿಗೇ ಅಂಗಡಿಗೆ ಹೋಗಿ. ನಡುವಿನ ದಿನಗಳಿಗೆ ಅಲ್ಲೇ ಬೆಳೆಯುವ ಪಪ್ಪಾಯಿ, ಕುಂಬಳ, ನುಗ್ಗೆಸೊಪ್ಪು ಇವೆ. ಕಾಳು ನೆನೆಸಿ ಮೊಳಕೆ ಕಟ್ಟುವುದನ್ನು ರೂಢಿ ಮಾಡಿಕೊಳ್ಳಿ, ಆ ಸೆಕೆಗೆ ಒಂದೇ ರಾತ್ರಿಯಲ್ಲಿ ಮೊಳಕೆ ಬರುತ್ತದೆ.

ರೊಟ್ಟಿ ಒಯ್ಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲರೂ ಇದರಲ್ಲಿ ತಪ್ಪುತ್ತಾರೆ. ಗಾಳಿಯಲ್ಲಿ ಸದಾ ಪಸೆ ಇರುವ ಜಾಗ ಅದು. ಗದಗಿನಲ್ಲಿ ಎರಡು ತಿಂಗಳು ಟಣಟಣ ಎನ್ನುವ ಖಡಕ್ ರೊಟ್ಟಿ ಅಲ್ಲಿ ಪೊಟ್ಟಣ ಬಿಚ್ಚಿದ ಮರುದಿನವೇ ಮೆತ್ತಗಾಗುತ್ತದೆ. ಬೂಷ್ಟು ಮೊದಲು ಹಿಡಿಯುವುದು ಅಂಚಿಗೆ, ಯಾಕೆಂದರೆ ಬಡಿಯುವಾಗ ಅಂಚು ದಪ್ಪ ಉಳಿದರೆ ಒಳಗೆ ಪಸೆ ನಿಲ್ಲುತ್ತದೆ. ರೊಟ್ಟಿ ಮಾಡುವವರಿಗೆ ಹೇಳುವಾಗಲೇ ಅಂಚು ತೆಳ್ಳಗಿರಲಿ, ಸಣ್ಣ ಉರಿಯಲ್ಲಿ ಎರಡನೇ ಸಲ ಕಾಯಿಸಲಿ ಎನ್ನಿ. ಪೂರ್ತಿ ಆರಿದ ಮೇಲೆ ಹತ್ತತ್ತರಂತೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ. ಬಿಸಿ ಇದ್ದಾಗ ಮುಚ್ಚಿದರೆ ಒಳಗೇ ಬೆವರುತ್ತವೆ. ಚೀಲಗಳನ್ನು ಅಗಲ ಸ್ಟೀಲ್ ಡಬ್ಬಿಯಲ್ಲಿಟ್ಟು, ಸಂದಿಗೆ ಬಟ್ಟೆ ತುರುಕಿ, ಸೂಟ್‌ಕೇಸಿನ ನಡುವೆ ಇಡಿ. ಅಲ್ಲಿ ಒಂದು ಸಲಕ್ಕೆ ಒಂದೇ ಚೀಲ ಬಿಚ್ಚಿ. ಮೆತ್ತಗಾದದ್ದನ್ನು ಸಣ್ಣ ಉರಿಯ ತವೆಯ ಮೇಲೆ ಎರಡೂ ಕಡೆ ಕಾಯಿಸಿದರೆ ಮತ್ತೆ ಖಡಕ್ ಆಗುತ್ತದೆ. ಸಜ್ಜಿ ರೊಟ್ಟಿ ಬೇಡ, ಅದರಲ್ಲಿ ಎಣ್ಣೆಯಂಶ ಹೆಚ್ಚು, ಬೇಗ ಕಮಟು ವಾಸನೆ ಬರುತ್ತದೆ.

ಜೋಳದ ಹಿಟ್ಟು ಎರಡು ಕಿಲೋ ಸಾಕು. ಹಳೆಯದಾದಷ್ಟು ಜಿಗಿ ಕಳೆದುಕೊಂಡು ಬಡಿಯುವಾಗ ಅಂಚು ಸೀಳುತ್ತದೆ. ಆಗ ಹಿಟ್ಟಿನ ಕಾಲುಭಾಗವನ್ನು ಕುದಿಯುವ ನೀರಿಗೆ ಹಾಕಿ ಮುದ್ದೆಯಂತೆ ತಿರುವಿ, ಉಳಿದದ್ದನ್ನು ಅದರಲ್ಲಿ ನಾದಿ. ಶೇಂಗಾ ಚಟ್ನಿಗೆ ಒಣಕೊಬ್ಬರಿ ಹಾಕಿಸಬೇಡಿ, ಅರ್ಧ ಕಿಲೋಗಿಂತ ಹೆಚ್ಚು ಒಯ್ಯಬೇಡಿ, ಫ್ರಿಜ್ಜಿನಲ್ಲಿಡಿ. ಅಗಸಿ ಚಟ್ನಿ ಇನ್ನೂ ಬೇಗ ಕೆಡುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮಾತ್ರ ಇಡಿಯಾಗಿ ಒಯ್ಯಿರಿ, ಪುಡಿ ಮಾಡಿದ್ದರ ಬಣ್ಣ, ಘಮ ಎರಡೂ ನಿಲ್ಲುವುದಿಲ್ಲ. ಮೂರು ಲೀಟರಿನ ಕುಕ್ಕರ್ ಒಂದಿರಲಿ. ಕರೆಂಟ್ ನಮ್ಮಂತೆಯೇ 230 ವೋಲ್ಟ್, ಆದರೆ ಹೆಚ್ಚಿನ ಕಡೆ ಚೌಕ ಮೂರು ಕಡ್ಡಿಯ ಬ್ರಿಟಿಷ್ ಪ್ಲಗ್. ಎರಡು ಅಡಾಪ್ಟರ್ ಬೇಕು.

ಬ್ಯಾಗಿನಲ್ಲಿ ಇರಲೇಬಾರದವು: ಮದ್ಯ, ಹಂದಿ ಮಾಂಸದ ಪದಾರ್ಥ, ಇ-ಸಿಗರೇಟ್, ಪೂಜೆಯ ಮೂರ್ತಿ. ಮೂರ್ತಿ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ, ಅವ್ವ ಎಷ್ಟೇ ಪ್ರೀತಿಯಿಂದ ಇಟ್ಟರೂ ಹೊರಡುವ ರಾತ್ರಿ ಒಮ್ಮೆ ಬ್ಯಾಗ್ ತೆಗೆದು ನೋಡಿ. ಕೊರಳಲ್ಲಿ ಇಷ್ಟಲಿಂಗ ಧರಿಸುವವರು ಅಲ್ಲಿನ ಕಸ್ಟಮ್ಸ್‌ಗೆ ಮೊದಲೇ ಇ-ಮೇಲ್ ಬರೆದು ಉತ್ತರದ ಪ್ರಿಂಟ್ ಜೊತೆಗಿಟ್ಟುಕೊಳ್ಳಲಿ. ನೋವಿನ ಮಾತ್ರೆ, ಕೆಮ್ಮಿನ ಔಷಧಗಳಲ್ಲಿ ಟ್ರಮಡಾಲ್, ಕೊಡೀನ್ ಇದ್ದರೆ ವೈದ್ಯರ ಚೀಟಿ ಇಲ್ಲದೆ ಒಯ್ಯಬೇಡಿ.

ಬಾವಿಯ ನೀರು ಉಪ್ಪುಪ್ಪು, ಸ್ನಾನಕ್ಕಷ್ಟೇ. ಕುಡಿಯಲು ಮಳೆ ನೀರಿನ ಟ್ಯಾಂಕ್ ಅಥವಾ ಸಮುದ್ರದ ನೀರನ್ನು ಶುದ್ಧಮಾಡಿದ ನಲ್ಲಿ ನೀರು. ಡೆಂಗಿ ಇದೆ, ಸೊಳ್ಳೆಪರದೆ ಒಯ್ಯಿರಿ. ಹವಳ ತರಚಿದ ಗಾಯವನ್ನು ಸಣ್ಣದೆಂದು ಬಿಡಬೇಡಿ, ಸಿಹಿನೀರು, ಸಾಬೂನಿನಿಂದ ಒಳಗಿನ ಚೂರು ಹೋಗುವವರೆಗೆ ತೊಳೆಯಿರಿ, ಇಲ್ಲದಿದ್ದರೆ ಕೀವಾಗುತ್ತದೆ. ಹಲ್ಲು, ಕನ್ನಡಕದ ಕೆಲಸ ಹುಬ್ಬಳ್ಳಿ-ಧಾರವಾಡದಲ್ಲೇ ಮುಗಿಸಿ ಹೋಗಿ, ದ್ವೀಪದ ಆರೋಗ್ಯ ಕೇಂದ್ರ ಜ್ವರ, ಗಾಯಕ್ಕಷ್ಟೇ.

ಜನ ಒಳ್ಳೆಯವರು, ಶಿಕ್ಷಕರಿಗೆ ಮರ್ಯಾದೆ ಇದೆ. ವಾರದ ರಜೆ ಶುಕ್ರವಾರ, ಶನಿವಾರ. ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚುತ್ತವೆ, ರಂಜಾನ್‌ನಲ್ಲಿ ಹಗಲು ಎಲ್ಲರೆದುರು ತಿನ್ನುವಂತಿಲ್ಲ. ಭಾಷೆ ದಿವೇಹಿ, ಲಿಪಿ ಬಲದಿಂದ ಎಡಕ್ಕೆ. ‘ಶುಕುರಿಯ್ಯಾ’ ಎಂದರೆ ಧನ್ಯವಾದ, ದೋಣಿಗೆ ಅವರೂ ‘ದೋನಿ’ ಎನ್ನುತ್ತಾರೆ. ಒಂಟಿತನ ಹೆಚ್ಚು ಕಾಡುವುದು ಮೊದಲ ಮೂರು ತಿಂಗಳು. ಅವರ ಗಡಿಯಾರ ನಮಗಿಂತ ಅರ್ಧ ತಾಸು ಹಿಂದೆ, ಮನೆಗೆ ಫೋನ್ ಮಾಡಲು ಅಡ್ಡಿಯಿಲ್ಲ. ಸಂಜೆ ಮೈದಾನಕ್ಕೆ ಹೋಗಿ ಮಕ್ಕಳ ಜೊತೆ ಚೆಂಡು ಆಡಿ, ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತವರೇ ವರ್ಷ ತುಂಬುವ ಮೊದಲು ವಾಪಸ್ ಬರುವುದು.

ಊರಿಗೆ ಬರುವ ಲೆಕ್ಕವನ್ನು ಹಿಂದಿನಿಂದ ಹಾಕಿ. ಮೇಯಿಂದ ನವೆಂಬರ್‌ವರೆಗೆ ನೈಋತ್ಯ ಮಾರುತ, ಸಮುದ್ರ ಏಳುತ್ತದೆ, ಸ್ಪೀಡ್‌ಬೋಟ್ ರದ್ದಾಗುತ್ತವೆ. ಶುಕ್ರವಾರ ಅನೇಕ ಕಡೆ ಸಾರ್ವಜನಿಕ ಫೆರಿ ಇಲ್ಲ. ಸೀಪ್ಲೇನ್ ಹಗಲಷ್ಟೇ ಹಾರುತ್ತದೆ. ಪಂಚಮಿಗೆ ಬರುವವರು ವಿಮಾನಕ್ಕಿಂತ ಎರಡು ದಿನ ಮೊದಲು ದ್ವೀಪ ಬಿಡಬೇಕು. ಶಿವರಾತ್ರಿಗಾದರೆ ಸಮುದ್ರ ಶಾಂತ, ಒಂದು ದಿನ ಸಾಕು. ರಜೆಯ ತಿಂಗಳು ಆರಿಸುವ ಅವಕಾಶ ಸಿಕ್ಕರೆ ಶಿವರಾತ್ರಿಯನ್ನೇ ಆರಿಸಿ. ಸಿದ್ಧಾರೂಢರ ಜಾತ್ರೆ ಸಿಗುತ್ತದೆ, ಹೊಸ ಜೋಳ ಮನೆಗೆ ಬರುವ ಕಾಲವೂ ಅದೇ, ವಾಪಸ್ ಒಯ್ಯುವ ಹಿಟ್ಟಿನಲ್ಲಿ ಜಿಗಿ ಇರುತ್ತದೆ. ಮಧ್ಯದ ರಾತ್ರಿ ಮಾಲೆಯಲ್ಲಿ ಉಳಿಯುವ ಬದಲು ವಿಮಾನ ನಿಲ್ದಾಣದ ಪಕ್ಕದ ಹುಲ್‌ಹುಮಾಲೆಯಲ್ಲಿ ಉಳಿಯಿರಿ, ನಿಲ್ದಾಣಕ್ಕೆ ಬಸ್ಸಿದೆ.

ಮಾಲೆಯಿಂದ ಬೆಂಗಳೂರಿಗೆ ನೇರ ವಿಮಾನ ಎರಡು ತಾಸಿನದು. ಒಳಬರುವಾಗ, ಹೊರಡುವಾಗ ಎರಡೂ ಸಲ ಇಮುಗಾ ಎಂಬ ಪ್ರಯಾಣಿಕರ ಘೋಷಣೆಯನ್ನು ವಿಮಾನಕ್ಕೆ ಮೊದಲಿನ 96 ತಾಸಿನೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ತಾಣ ನಕಲಿ. ಬೆಂಗಳೂರಿನಲ್ಲಿ ಇಳಿಯುವುದು ಟರ್ಮಿನಲ್ 2. ಹುಬ್ಬಳ್ಳಿ ವಿಮಾನದ ಟಿಕೆಟ್ ಬೇರೆ ಮಾಡಿಸಿದ್ದರೆ ಬ್ಯಾಗ್ ತೆಗೆದುಕೊಂಡು ಟರ್ಮಿನಲ್ ಬದಲಿಸಿ ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು, ನಡುವೆ ಐದು ತಾಸು ಬಿಡಿ. ಬ್ಯಾಗ್ ಭಾರವಿದ್ದರೆ ವಾಯು ವಜ್ರ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದು ರಾತ್ರಿ ರೈಲು ಹಿಡಿಯುವುದೇ ಆರಾಮ. ಬೆಳಗಿಗೆ ಹುಬ್ಬಳ್ಳಿ, ಅಲ್ಲಿಂದ ಗದಗಕ್ಕೆ ಬಸ್ಸು, ರೈಲು ಎರಡೂ ಇವೆ.

ಉಡುಗೊರೆಗೆಂದು ಹವಳ, ದಂಡೆಯ ಮರಳು, ಆಮೆಯ ಚಿಪ್ಪು ತರಬೇಡಿ. ಅಲ್ಲಿಂದ ಒಯ್ಯುವುದು ನಿಷೇಧ, ಇಲ್ಲಿ ಹವಳಕ್ಕೆ, ಆಮೆ ಚಿಪ್ಪಿಗೆ ವನ್ಯಜೀವಿ ಕಾಯಿದೆಯೂ ಇದೆ. ಮೂವತ್ತು ದಿನದಲ್ಲಿ ದಾರಿಗೇ ನಾಲ್ಕೈದು ಹೋಗುತ್ತವೆ. ಬ್ಯಾಂಕ್ ಕೆವೈಸಿ, ಆಧಾರ್, ಹೊಲದ ಕಾಗದದ ಕೆಲಸ ಮೊದಲ ವಾರದಲ್ಲೇ ಹಿಡಿಯಿರಿ, ಕೊನೆಯ ವಾರಕ್ಕಿಟ್ಟ ಕೆಲಸ ಸರ್ವರ್ ಡೌನ್ ಎಂದು ನಿಲ್ಲುತ್ತದೆ. ನಡುವೆ ಜಮೀನಿನ ವಿಷಯ ಬಂದರೆ ಮಾಲೆಯ ಭಾರತೀಯ ಹೈಕಮಿಷನ್‌ನಲ್ಲಿ ಪವರ್ ಆಫ್ ಅಟಾರ್ನಿ ದೃಢೀಕರಿಸಿ ಅಪ್ಪನಿಗೆ ಕಳಿಸಬಹುದು. ಸಾಲ ಕೇಳಿ ಬರುವ ಬೀಗರು, ಗೆಳೆಯರಿಗೆ ಏನು ಹೇಳಬೇಕು ಎಂಬುದನ್ನು ಬರುವ ಮೊದಲೇ ಅಪ್ಪ, ಅವ್ವನ ಜೊತೆ ಫೋನಿನಲ್ಲಿ ಮಾತಾಡಿಕೊಳ್ಳಿ, ಮೂವರೂ ಒಂದೇ ಉತ್ತರ ಕೊಡಬೇಕು. ವಾಪಸಾಗುವಾಗ ಪರ್ಮಿಟ್ ಕಾರ್ಡ್, ವೀಸಾದ ಅವಧಿ, ಪಾಸ್‌ಪೋರ್ಟ್ ಈ ಮೂರನ್ನೂ ದ್ವೀಪ ಬಿಡುವ ಮೊದಲೇ ನೋಡಿಕೊಂಡಿರಬೇಕು. ರಜೆಯಲ್ಲಿರುವಾಗ ವೀಸಾ ಮುಗಿದರೆ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸುತ್ತಾರೆ.